ಕೆಂಪು ಅಡಗಿಸಿಟ್ಟ ಸಮಾಧಿ ಪುಡ್ಡಿಂಗ್: ಹ್ಯಾಲೋವೀನ್ ಪಾರ್ಟಿಗೆ ಎರಡು ದಿನದ ತಯಾರಿ

ಹ್ಯಾಲೋವೀನ್ ಸಿಹಿ ಅಂದ ಕೂಡಲೇ ಕೈ ಮೊದಲು ಬಣ್ಣದ ಬಾಟಲಿಗೆ ಹೋಗುತ್ತದೆ. ಕಿತ್ತಳೆ ಕ್ರೀಮು, ಹಸಿರು ಜೆಲ್ಲಿ, ನೇರಳೆ ಕೇಕು. ನೋಡೋಕೆ ಚೆನ್ನಾಗಿಯೇ ಇರುತ್ತದೆ. ಆದರೆ ಯಾರೂ ಹೆದರುವುದಿಲ್ಲ. ಹುಟ್ಟುಹಬ್ಬದ ಮೇಜಿನ ಹಾಗೆ ಕಾಣುತ್ತದೆ, ಅಷ್ಟೇ.

ಕತ್ತಲೆ ಕೋಣೆಯಲ್ಲಿ ನಮಗೆ ಭಯ ಆಗೋದು ಕಣ್ಣಿಗೆ ಕಂಡದ್ದರಿಂದ ಅಲ್ಲ, ಅಲ್ಲಿ ಏನೋ ಇರಬಹುದು ಅನ್ನಿಸೋದರಿಂದ. ಅಲ್ವಾ? ಸಿಹಿಯಲ್ಲೂ ಅದೇ ಕೆಲಸ ಮಾಡುತ್ತದೆ. ಮೇಲೆ ಸುಮ್ನೆ ಕಪ್ಪು ಮಣ್ಣು, ಒಂದು ಕಲ್ಲು, ಒಂದು ಬಿಳಿ ದೆವ್ವ. ಚಮಚ ಒಳಗೆ ಇಳಿದಾಗ ಮಾತ್ರ ಕೆಳಗಿಂದ ನಿಧಾನಕ್ಕೆ ಕೆಂಪು ಉಕ್ಕಬೇಕು. ಆ ಒಂದು ಕ್ಷಣಕ್ಕಾಗಿ ಈ ಲೇಖನ.

ಹೀಗೆ ಅಡಗಿಸಿಡೋದು ಈ ಹಬ್ಬಕ್ಕೆ ಹೊಸದೂ ಅಲ್ಲ. ಅಕ್ಟೋಬರ್ 31ರ ಈ ರಾತ್ರಿಯ ಬೇರು ಇರುವುದು ಐರ್ಲೆಂಡ್, ಸ್ಕಾಟ್‌ಲೆಂಡ್ ಕಡೆಯ ಸಾವಿನ್ ಅನ್ನೋ ಹಳೆಯ ಹಬ್ಬದಲ್ಲಿ. ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ಹೊತ್ತು ಅದು. ಸತ್ತವರಿಗೂ ಬದುಕಿರುವವರಿಗೂ ನಡುವಿನ ಗೋಡೆ ಆ ಹೊತ್ತಿನಲ್ಲಿ ತೆಳುವಾಗುತ್ತದೆ ಅಂತ ನಂಬಿಕೆ. ಐರ್ಲೆಂಡಿನಲ್ಲಿ ಈಗಲೂ ಈ ಹಬ್ಬಕ್ಕೆ ಬಾರ್ಮ್‌ಬ್ರ್ಯಾಕ್ ಅನ್ನೋ ಒಣದ್ರಾಕ್ಷಿಯ ಬ್ರೆಡ್ ಮಾಡುತ್ತಾರೆ. ಅದರೊಳಗೆ ಉಂಗುರ ಹುದುಗಿಸಿಡುತ್ತಾರೆ. ಹಿಂದೆ ನಾಣ್ಯ, ಬಟ್ಟೆ ಚೂರು ಕೂಡ ಇಡುತ್ತಿದ್ದರು. ಉಂಗುರ ಸಿಕ್ಕವರಿಗೆ ಮದುವೆ, ನಾಣ್ಯ ಸಿಕ್ಕವರಿಗೆ ದುಡ್ಡು, ಬಟ್ಟೆ ಚೂರು ಸಿಕ್ಕವರಿಗೆ ಬಡತನ. ತಿನ್ನುವವರ ಎದೆ ಡವಡವ ಅನ್ನುವುದು ಬ್ರೆಡ್ ಕತ್ತರಿಸುವಾಗ. ನಾವೂ ಅದೇ ಎದೆಬಡಿತವನ್ನು ಒಂದು ಗ್ಲಾಸಿನೊಳಗೆ ಇಡೋಣ.

ಇಲ್ಲಿರುವ ಅಳತೆ 8 ಜನಕ್ಕೆ. ಸುಮಾರು 250 ಮಿ.ಲೀ. ಹಿಡಿಯುವ 8 ಗಾಜಿನ ಗ್ಲಾಸು ಬೇಕು. ಒಟ್ಟು ಐದು ಭಾಗಗಳಿವೆ: ಕೆಂಪು ರಸ, ಮೆರಾಂಗ್ (ಮೊಟ್ಟೆಯ ಬಿಳಿ, ಸಕ್ಕರೆ ಕಡೆದು ಒಣಗಿಸಿದ ಸಿಹಿ) ದೆವ್ವ, ಸಮಾಧಿ ಕಲ್ಲು, ಚಾಕೊಲೇಟ್ ಪುಡ್ಡಿಂಗ್, ಮಣ್ಣು. ಓದಲು ಉದ್ದ ಅನ್ನಿಸುತ್ತದೆ, ಆದರೆ ಯಾವುದೂ ಕಷ್ಟದ್ದಲ್ಲ. ಎಲ್ಲವನ್ನೂ ಒಂದೇ ದಿನ ಮಾಡಲು ಹೋಗಬೇಡಿ. ಪಾರ್ಟಿಗೆ ಎರಡು ದಿನ ಮುಂಚೆ ರಸ, ದೆವ್ವ, ಕಲ್ಲು. ಹಿಂದಿನ ದಿನ ಸಂಜೆ ಪುಡ್ಡಿಂಗ್. ಜನ ಬರುವ ಒಂದು ಗಂಟೆ ಮುಂಚೆ ಮಣ್ಣು ಹಾಕಿ ಜೋಡಿಸೋದು.

ಮೊದಲು ಕೆಂಪು ರಸ

ಇದನ್ನು ಮೊದಲು ಮಾಡಬೇಕು, ಯಾಕೆಂದರೆ ಇದು ಫ್ರೀಜರಿನಲ್ಲಿ ಒಂದು ರಾತ್ರಿ ಕೂರಬೇಕು.

300 ಗ್ರಾಂ ರಾಸ್ಪ್‌ಬೆರಿ ಅಥವಾ ಸ್ಟ್ರಾಬೆರಿ ತಗೊಳ್ಳಿ. ಫ್ರೀಜ್ ಮಾಡಿದ್ದಾದರೂ ನಡೆಯುತ್ತದೆ, ಹೇಗೂ ಬೇಯಿಸೋದೇ. ಅದಕ್ಕೆ 60 ಗ್ರಾಂ ಸಕ್ಕರೆ, ಒಂದು ಟೀ ಚಮಚ ನಿಂಬೆರಸ ಹಾಕಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಕುದಿಸಿ. ಹಣ್ಣು ಪೂರ್ತಿ ಕರಗಿದ ಮೇಲೆ ಜರಡಿಯಲ್ಲಿ ಚಮಚದಿಂದ ಒತ್ತಿ ಸೋಸಿ. ಬೀಜ ಉಳಿಯಬಾರದು. ಬೀಜ ಬಾಯಿಗೆ ಸಿಕ್ಕರೆ ಇದು ಜಾಮ್ ಅಂತ ತಕ್ಷಣ ಗೊತ್ತಾಗಿಬಿಡುತ್ತದೆ.

ಈಗ ಬಣ್ಣ ನೋಡಿ. ಬೆರಿಯ ಕೆಂಪಿನಲ್ಲಿ ಸ್ವಲ್ಪ ಗುಲಾಬಿ ಇರುತ್ತದೆ, ರಕ್ತ ಹಾಗಿರೋದಿಲ್ಲ. ಅದಕ್ಕೆ ಕಾಲು ಟೀ ಚಮಚ ಕೋಕೋ ಪುಡಿಯನ್ನು ಒಂದೆರಡು ಹನಿ ಬಿಸಿ ನೀರಿನಲ್ಲಿ ಕಲಸಿ ಸೇರಿಸಿ. ಕೆಂಪು ಕೂಡಲೇ ಒಂದು ಮೆಟ್ಟಿಲು ಕೆಳಗಿಳಿದು ಗಾಢವಾಗುತ್ತದೆ. ಜಾಸ್ತಿ ಹಾಕಿದರೆ ಕಂದು ಆಗುತ್ತದೆ, ಕಾಲು ಚಮಚಕ್ಕೇ ನಿಲ್ಲಿಸಿ.

ಹದ ನೋಡೋದು ಹೀಗೆ. ಒಂದು ತಟ್ಟೆಯನ್ನು ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಅದರ ಮೇಲೆ ಅರ್ಧ ಚಮಚ ರಸ ಬಿಟ್ಟು ತಟ್ಟೆ ಓರೆ ಮಾಡಿ. ಜೇನಿನ ಹಾಗೆ ನಿಧಾನಕ್ಕೆ ಹರಿಯಬೇಕು. ಹರಿಯದೆ ಅಲ್ಲೇ ಕೂತರೆ ಜಾಮ್ ಆಗಿದೆ, ಒಂದು ಚಮಚ ನೀರು ಹಾಕಿ. ನೀರಿನ ಹಾಗೆ ಓಡಿಹೋದರೆ ಇನ್ನೆರಡು ನಿಮಿಷ ಕುದಿಸಿ. ಗಟ್ಟಿಯಾಗಲಿ ಅಂತ ಇದಕ್ಕೆ ಕಾರ್ನ್‌ಫ್ಲೋರ್ ಮಾತ್ರ ಹಾಕಬೇಡಿ. ಕಾರ್ನ್‌ಫ್ಲೋರ್ ಹಾಕಿದ ರಸ ಫ್ರೀಜ್ ಆಗಿ ಕರಗಿದಾಗ ನೀರು ಬೇರೆ, ಮುದ್ದೆ ಬೇರೆ ಆಗುತ್ತದೆ.

ತಣ್ಣಗಾದ ಮೇಲೆ ಐಸ್ ಟ್ರೇಯ 8 ಗುಳಿಗಳಿಗೆ (ಪರೀಕ್ಷೆಗೆ ಒಂದು ಜಾಸ್ತಿ ಬೇಕಿದ್ದರೆ 9ಕ್ಕೆ) ಒಂದೊಂದು ದೊಡ್ಡ ಚಮಚದಷ್ಟು, ಅಂದರೆ ಸುಮಾರು 15 ಮಿ.ಲೀ. ಸುರಿದು ಫ್ರೀಜರಿಗೆ ಇಡಿ. ಉಳಿದ ರಸವನ್ನು ಮುಚ್ಚಿ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳಿ, ಕೊನೆಗೆ ಬೇಕು. ಸಕ್ಕರೆ ಇರುವುದರಿಂದ ಈ ಗಡ್ಡೆಗಳು ಐಸಿನಷ್ಟು ಕಲ್ಲಾಗುವುದಿಲ್ಲ. ಒತ್ತಿದರೆ ಬೆರಳಿನ ಗುರುತು ಬೀಳುತ್ತದೆ. ಅದು ಸರಿಯೇ, ಟ್ರೇಯಿಂದ ಬೇಗ ಬೇಗ ತೆಗೆದು ಉಪಯೋಗಿಸಿದರೆ ಸಾಕು.

ಮೆರಾಂಗ್ ದೆವ್ವಗಳು

ನನಗೆ ಈ ಸಿಹಿಯಲ್ಲಿ ಅತಿ ಇಷ್ಟದ ಭಾಗ ಇದು. ಬರೀ ಮೊಟ್ಟೆಯ ಬಿಳಿ ಮತ್ತು ಸಕ್ಕರೆಯಿಂದ ಇಂಥ ಒಂದು ಆಕಾರ ಎದ್ದು ನಿಲ್ಲುತ್ತದೆ ಅನ್ನೋದೇ ನನಗೆ ಪ್ರತಿ ಸಲ ಆಶ್ಚರ್ಯ.

3 ಮೊಟ್ಟೆ ಬೇಕು. ಮೊಟ್ಟೆ ಫ್ರಿಜ್ಜಿನಿಂದ ತೆಗೆದ ಕೂಡಲೇ, ತಣ್ಣಗಿರುವಾಗಲೇ ಬಿಳಿ ಹಳದಿ ಬೇರೆ ಮಾಡಿ, ಆಗ ಹಳದಿ ಒಡೆಯುವುದು ಕಡಿಮೆ. ಆದರೆ ಬಿಳಿಯನ್ನು ಕಡೆಯುವ ಮುಂಚೆ ಅರ್ಧ ಗಂಟೆ ಹೊರಗಿಡಿ, ತಣ್ಣಗಿನ ಬಿಳಿಗಿಂತ ಅದು ಬೇಗ ನೊರೆ ಕಟ್ಟುತ್ತದೆ. ಹಳದಿಗಳನ್ನು ಎಸೆಯಬೇಡಿ. ಅವನ್ನು ಒಂದು ಚಮಚ ನೀರು ಹಾಕಿ ಮುಚ್ಚಿ ಫ್ರಿಜ್ಜಿನಲ್ಲಿಡಿ, ನಾಳೆ ಪುಡ್ಡಿಂಗಿಗೆ ಬೇಕು.

ಪಾತ್ರೆ ಗಾಜಿನದ್ದೋ ಸ್ಟೀಲಿನದ್ದೋ ಇರಲಿ. ಪ್ಲಾಸ್ಟಿಕ್ಕಿಗೆ ಎಷ್ಟು ತೊಳೆದರೂ ಜಿಡ್ಡು ಅಂಟಿಕೊಂಡೇ ಇರುತ್ತದೆ, ಜಿಡ್ಡು ಮೆರಾಂಗಿನ ಶತ್ರು. ಹಳದಿಯ ಒಂದು ಹನಿ ಬಿದ್ದರೂ ನೊರೆ ಸರಿಯಾಗಿ ಏಳುವುದಿಲ್ಲ. ಹಾಗಾಗಿ ಪ್ರತಿ ಮೊಟ್ಟೆಯನ್ನೂ ಮೊದಲು ಒಂದು ಸಣ್ಣ ಬಟ್ಟಲಿಗೆ ಒಡೆದು, ಚೆನ್ನಾಗಿದೆ ಅಂತ ಖಾತ್ರಿಯಾದ ಮೇಲೆ ದೊಡ್ಡ ಪಾತ್ರೆಗೆ ಹಾಕಿ.

ಬಿಳಿಗೆ ಕಾಲು ಟೀ ಚಮಚ ಕ್ರೀಮ್ ಆಫ್ ಟಾರ್ಟರ್ ಅನ್ನೋ ಹುಳಿ ಪುಡಿ ಹಾಕಿ. ಇಲ್ಲದಿದ್ದರೆ ಅರ್ಧ ಟೀ ಚಮಚ ನಿಂಬೆರಸ. ಎರಡೂ ಹುಳಿ, ಹುಳಿ ನೊರೆಯನ್ನು ಹಿಡಿದು ನಿಲ್ಲಿಸುತ್ತದೆ. ಮಧ್ಯಮ ವೇಗದಲ್ಲಿ ಕಡೆಯಿರಿ. ಬಿಳಿ ನೊರೆ ಬಂದು ಬೀಟರಿನ ಗೆರೆ ಕಾಣಿಸತೊಡಗಿದಾಗ 180 ಗ್ರಾಂ ಸಣ್ಣ ಸಕ್ಕರೆಯನ್ನು ಒಂದೊಂದೇ ಚಮಚ ಹಾಕುತ್ತಾ ಹೋಗಿ. ಬಿಳಿಯ ತೂಕಕ್ಕೆ ಸುಮಾರು ಎರಡರಷ್ಟು ಸಕ್ಕರೆ, ಇದೇ ಲೆಕ್ಕ. ಪೂರ್ತಿ ಒಟ್ಟಿಗೆ ಸುರಿದರೆ ನೊರೆ ಕುಸಿಯುತ್ತದೆ. ಎರಡು ಬೆರಳಿನ ನಡುವೆ ಸ್ವಲ್ಪ ಉಜ್ಜಿ ನೋಡಿ, ಸಕ್ಕರೆ ಹರಳು ಸಿಕ್ಕರೆ ಇನ್ನೂ ಕಡೆಯಬೇಕು. ಬೀಟರ್ ಮೇಲೆತ್ತಿದಾಗ ತುದಿ ನೆಟ್ಟಗೆ ನಿಂತು, ಮೈ ಹೊಳೆಯುತ್ತಿದ್ದರೆ ಆಯ್ತು.

ಪೈಪಿಂಗ್ ಬ್ಯಾಗಿಗೆ ತುಂಬಿ ತುದಿಯಲ್ಲಿ ಒಂದು ಸೆಂ.ಮೀ. ತೂತು ಮಾಡಿ. ದಪ್ಪ ಪ್ಲಾಸ್ಟಿಕ್ ಕವರಿನ ಮೂಲೆ ಕತ್ತರಿಸಿದರೂ ಆಗುತ್ತದೆ. ಬೇಕಿಂಗ್ ಪೇಪರಿನ ಮೇಲೆ ಬ್ಯಾಗನ್ನು ನೆಟ್ಟಗೆ ಹಿಡಿದು ಒತ್ತಿ, 3 ಸೆಂ.ಮೀ. ಅಗಲದ ಬುಡ ಮಾಡಿ. ಸ್ವಲ್ಪ ಮೇಲೆತ್ತಿ ಮತ್ತೊಮ್ಮೆ ಸಣ್ಣದಾಗಿ ಒತ್ತಿ, ಅದು ತಲೆ. ಆಮೇಲೆ ಒತ್ತುವುದನ್ನು ನಿಲ್ಲಿಸಿ ಸರಕ್ಕನೆ ಮೇಲಕ್ಕೆ ಎಳೆಯಿರಿ. ತುದಿ ಒಂದು ಕಡೆ ವಾಲುತ್ತದೆ. ವಾಲಲಿ ಬಿಡಿ, ಸರಿಮಾಡಬೇಡಿ. ಕತ್ತು ಓರೆ ಮಾಡಿ ನೋಡುವ ದೆವ್ವ ನೆಟ್ಟಗೆ ನಿಂತ ದೆವ್ವಕ್ಕಿಂತ ಜಾಸ್ತಿ ಕಾಡುತ್ತದೆ. ಮಿಕ್ಕ ಮೆರಾಂಗಿನಲ್ಲಿ ಮೂಳೆಗಳನ್ನು ಮಾಡಿ: ಒಂದು ಬೆರಳುದ್ದದ ಗೆರೆ, ಎರಡೂ ತುದಿಗೆ ಎರಡೆರಡು ಚುಕ್ಕೆ.

ಅವನ್ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೂವರೆಯಿಂದ ಎರಡು ಗಂಟೆ. ಇದು ಬೇಯಿಸುವುದಕ್ಕಿಂತ ಒಣಗಿಸುವ ಕೆಲಸ. ಬಿಸಿ ಜಾಸ್ತಿಯಾದರೆ ಬಿಳಿ ದೆವ್ವ ಕೆನೆಬಣ್ಣಕ್ಕೆ ತಿರುಗುತ್ತದೆ. ಪೇಪರಿನಿಂದ ತಾನಾಗಿ ಬಿಟ್ಟುಕೊಂಡರೆ ಆಗಿದೆ ಅಂತ ಅರ್ಥ. ಅವನ್ ಆರಿಸಿ, ಬಾಗಿಲು ಮುಚ್ಚಿಯೇ ಒಳಗೆ ತಣ್ಣಗಾಗಲು ಬಿಡಿ.

ಆಮೇಲೆ ಗಾಳಿ ಆಡದ ಡಬ್ಬಿಯಲ್ಲಿ, ಫ್ರಿಜ್ಜಿನ ಹೊರಗೆ ಇಡಿ. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ಮೊದಲ ಸಲ ಮಾಡಿದಾಗ ಸುರಕ್ಷಿತವಾಗಿರಲಿ ಅಂತ ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಮೂವತ್ತು ದೆವ್ವಗಳೂ ಬೆವರಿ, ಒಂದಕ್ಕೊಂದು ಅಂಟಿ, ಮುಖ ಜಾರಿಸಿಕೊಂಡು ಕೂತಿದ್ದವು. ಸಕ್ಕರೆ ಗಾಳಿಯ ತೇವವನ್ನು ಹೀರುತ್ತದೆ, ಫ್ರಿಜ್ಜಿನ ಒಳಗೆ ತೇವ ಜಾಸ್ತಿ. ಮಳೆ ಹಿಡಿದ ದಿನ ಮೆರಾಂಗ್ ಮಾಡದಿರುವುದೇ ಒಳ್ಳೆಯದು.

ಮುಖ ಬರೆಯುವುದಕ್ಕೆ ಸ್ವಲ್ಪ ಹೊತ್ತು ಕೊಡಿ. ಕರಗಿಸಿದ ಕಪ್ಪು ಚಾಕೊಲೇಟಿಗೆ ಟೂತ್‌ಪಿಕ್ ಅದ್ದಿ ಎರಡು ಕಣ್ಣು, ಒಂದು ಬಾಯಿ. ಕಣ್ಣು ಎರಡೂ ಒಂದೇ ಎತ್ತರದಲ್ಲಿ ಇರಬೇಕಿಲ್ಲ, ಒಂದು ಕೂದಲೆಳೆಯಷ್ಟು ಕೆಳಗಿರಲಿ. ಬಾಯಿ ಸಣ್ಣ ಉದ್ದನೆಯ ಚುಕ್ಕೆ, ಏನೋ ಹೇಳಲು ಹೊರಟು ನಿಂತ ಹಾಗೆ. ನಗು ಬರೆಯಬೇಡಿ. ನಕ್ಕರೆ ಅದು ಮುದ್ದು ಗೊಂಬೆ ಆಗಿಬಿಡುತ್ತದೆ. ಒಂದೆರಡಕ್ಕೆ ಮುಖವನ್ನೇ ಬರೆಯದೆ ಬಿಟ್ಟು ನೋಡಿ, ಮೇಜಿನ ಮೇಲೆ ಜನ ಮೊದಲು ಬೆರಳು ತೋರಿಸುವುದು ಅವುಗಳಿಗೇ.

ಇನ್ನೊಂದು ಸಣ್ಣ ಕೆಲಸ, ಆದರೆ ಇದೇ ದೆವ್ವಗಳನ್ನು ಉಳಿಸೋದು. 50 ಗ್ರಾಂ ಬಿಳಿ ಚಾಕೊಲೇಟ್ ಕರಗಿಸಿ, ಪ್ರತಿ ದೆವ್ವದ ಬುಡವನ್ನು ಅದರಲ್ಲಿ ಅದ್ದಿ ಒಣಗಿಸಿ. ಚಾಕೊಲೇಟಿನ ಜಿಡ್ಡು ಪುಡ್ಡಿಂಗಿನ ತೇವವನ್ನು ತಡೆಯುತ್ತದೆ. ಇಲ್ಲದಿದ್ದರೆ ಒಂದು ಗಂಟೆಯೊಳಗೆ ದೆವ್ವ ಕಾಲಿನಿಂದ ಕರಗತೊಡಗುತ್ತದೆ.

ಮೊಟ್ಟೆ ತಿನ್ನದವರು ಬರುವುದಿದ್ದರೆ, ಡಬ್ಬಿಯಲ್ಲಿ ಬರುವ ಬೇಯಿಸಿದ ಕಾಬೂಲಿ ಕಡಲೆಯ ನೀರು 90 ಮಿ.ಲೀ. ತಗೊಂಡು ಇದೇ ರೀತಿ ಕಡೆಯಿರಿ. ನಂಬುವುದು ಕಷ್ಟ, ಆದರೆ ಅದೂ ಬೆಳ್ಳಗೆ ನೊರೆ ಕಟ್ಟುತ್ತದೆ. ಸಮಯ ಮಾತ್ರ ಜಾಸ್ತಿ, ಹತ್ತು ನಿಮಿಷದ ಮೇಲೆಯೇ ಕಡೆಯಬೇಕಾಗುತ್ತದೆ. ಬೇಯಿಸಿದ ಮೇಲೆ ಕಡಲೆ ವಾಸನೆ ಉಳಿಯುವುದಿಲ್ಲ.

ಸಮಾಧಿ ಕಲ್ಲು

ಅಂಗಡಿಯ ಉದ್ದನೆಯ ಬಿಸ್ಕತ್ತಿನ ಮೇಲೆ ಚಾಕೊಲೇಟಿನಲ್ಲಿ ಬರೆದು ಮುಗಿಸಬಹುದು. ಹೊತ್ತಿಲ್ಲದಿದ್ದರೆ ಹಾಗೇ ಮಾಡಿ, ತಪ್ಪೇನಿಲ್ಲ. ಆದರೆ ಕಲ್ಲು ಕಲ್ಲಿನ ಹಾಗೇ ಕಾಣಬೇಕು ಅಂತಿದ್ದರೆ ಬೆಣ್ಣೆ ಜಾಸ್ತಿ ಇರುವ ಬಿಸ್ಕತ್ತು, ಅಂದರೆ ಶಾರ್ಟ್‌ಬ್ರೆಡ್ ಮಾಡಿ, ಅದಕ್ಕೆ ಕಪ್ಪು ಎಳ್ಳು ಸೇರಿಸಿ.

50 ಗ್ರಾಂ ಸಕ್ಕರೆ ಪುಡಿ, 100 ಗ್ರಾಂ ಬೆಣ್ಣೆ, 150 ಗ್ರಾಂ ಮೈದಾ, ಒಂದು ಚಿಟಿಕೆ ಉಪ್ಪು. ಒಂದು, ಎರಡು, ಮೂರರ ಲೆಕ್ಕ, ಮರೆಯೋಕೇ ಆಗಲ್ಲ. ಅದಕ್ಕೆ ಒಂದೂವರೆ ದೊಡ್ಡ ಚಮಚ ಪುಡಿ ಮಾಡಿದ ಕಪ್ಪು ಎಳ್ಳು. ಹಿಟ್ಟು ಕಲಸುತ್ತಿದ್ದ ಹಾಗೆ ಬೂದಿ ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಕಪ್ಪು ಚುಕ್ಕೆ ಏಳುತ್ತದೆ, ಥೇಟ್ ಗ್ರಾನೈಟ್ ಚಪ್ಪಡಿ. ಬಣ್ಣದ ಬಾಟಲಿಯಿಂದ ಇಂಥ ಬೂದು ತರುವುದು ಕಷ್ಟ. ಎಳ್ಳಿನ ರುಚಿಯೂ ಚಾಕೊಲೇಟಿಗೆ ಚೆನ್ನಾಗಿ ಹೊಂದುತ್ತದೆ.

ಅರ್ಧ ಸೆಂ.ಮೀ. ದಪ್ಪಕ್ಕೆ ಲಟ್ಟಿಸಿ, 7 ಸೆಂ.ಮೀ. ಎತ್ತರ, 4 ಸೆಂ.ಮೀ. ಅಗಲದ ತುಂಡು ಮಾಡಿ, ಮೇಲಿನ ಮೂಲೆಗಳನ್ನು ದುಂಡಗೆ ಕತ್ತರಿಸಿ. ಒಂದೆರಡು ಕಲ್ಲಿನ ಮೂಲೆಯನ್ನು ಬೇಕಂತಲೇ ಮುರಿದುಬಿಡಿ. ಅಕ್ಷರವನ್ನು ಬೇಯಿಸುವ ಮುಂಚೆಯೇ ಕಡ್ಡಿಯಿಂದ ಆಳವಾಗಿ ಒತ್ತಿ ಬರೆಯಬೇಕು. ಕೆತ್ತಿದ ಹಾಗೆ ಕಾಣೋದು ಆಗಲೇ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, 165 ಡಿಗ್ರಿಯಲ್ಲಿ 15 ನಿಮಿಷದ ಹತ್ತಿರ ಬೇಯಿಸಿ. ಬೂದು ಬಣ್ಣದಲ್ಲಿ ಕಂದಾದದ್ದು ಗೊತ್ತಾಗುವುದಿಲ್ಲ, ಆದ್ದರಿಂದ 12ನೇ ನಿಮಿಷದಿಂದ ಅಂಚಿನ ಮೇಲೆ ಕಣ್ಣಿಡಿ.

ಏನು ಬರೆಯೋದು? ಆರ್.ಐ.ಪಿ. (ರೆಸ್ಟ್ ಇನ್ ಪೀಸ್, ಶಾಂತಿಯಿಂದ ಮಲಗು) ಅಂತ ಎಲ್ಲರೂ ಬರೆಯುತ್ತಾರೆ. ಬರೀ ಎರಡು ಇಸವಿ, ನಡುವೆ ಒಂದು ಗೆರೆ ಸಾಕು ಅನ್ನೋದು ನನ್ನ ಅಭಿಪ್ರಾಯ. 1731 – 1740 ಅಂತ ಕಲ್ಲಿನ ಮೇಲಿದ್ದರೆ ನೋಡಿದವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ, ಒಂದು ಕ್ಷಣ ಸುಮ್ಮನಾಗುತ್ತಾರೆ. ಪಾರ್ಟಿಗೆ ಬರುವವರ ಹೆಸರು ಬರೆಯಬೇಡಿ. ದೊಡ್ಡವರು ನಗಬಹುದು, ಆದರೆ ತನ್ನದೇ ಹೆಸರು ಸಮಾಧಿಯ ಮೇಲೆ ನೋಡಿದ ಮಗು ನಿಜಕ್ಕೂ ಹೆದರುತ್ತದೆ. ಆ ಹೆದರಿಕೆ ನಮಗೆ ಬೇಡ.

ಪುಡ್ಡಿಂಗ್

ಇಷ್ಟೆಲ್ಲಾ ಅಲಂಕಾರ ಮಾಡಿ ಒಳಗಿನದ್ದು ರುಚಿ ಇಲ್ಲದಿದ್ದರೆ ಏನು ಪ್ರಯೋಜನ? ಎರಡನೇ ಚಮಚಕ್ಕೆ ಭಯ ಮುಗಿದಿರುತ್ತದೆ, ಆಮೇಲೆ ಇಡೀ ಗ್ಲಾಸು ಖಾಲಿ ಮಾಡಿಸೋದು ಪುಡ್ಡಿಂಗೇ. ಇಲ್ಲಿ ಒಳ್ಳೆಯ ಚಾಕೊಲೇಟ್ ಹಾಕಿ.

ದಪ್ಪ ತಳದ ಪಾತ್ರೆಗೆ 150 ಗ್ರಾಂ ಸಕ್ಕರೆ, 50 ಗ್ರಾಂ ಕೋಕೋ, 50 ಗ್ರಾಂ ಕಾರ್ನ್‌ಫ್ಲೋರ್, ಅರ್ಧ ಟೀ ಚಮಚ ಉಪ್ಪು ಜರಡಿ ಹಿಡಿಯಿರಿ. ಒಂದು ಲೀಟರ್ ಹಾಲಿನಲ್ಲಿ 200 ಮಿ.ಲೀ. ತಣ್ಣನೆಯ ಹಾಲನ್ನು ಇದಕ್ಕೆ ಸ್ವಲ್ಪ ಸ್ವಲ್ಪವೇ ಹಾಕಿ ಗಂಟಿಲ್ಲದ ಹಾಗೆ ಕಲಸಿ. ನಿನ್ನೆ ಉಳಿಸಿದ 3 ಹಳದಿಯನ್ನು ಅದಕ್ಕೇ ಸೇರಿಸಿ ಕಲಕಿ. ಉಳಿದ 800 ಮಿ.ಲೀ. ಹಾಲನ್ನು ಬೇರೆ ಪಾತ್ರೆಯಲ್ಲಿ ಹಬೆ ಏಳುವಷ್ಟು ಕಾಯಿಸಿ, ಇದಕ್ಕೆ ಸಣ್ಣ ಧಾರೆಯಾಗಿ ಸುರಿಯುತ್ತಾ ಒಂದೇ ಸಮ ತಿರುವಿ. ಒಮ್ಮೆಲೇ ಸುರಿದರೆ ಹಳದಿ ಬೆಂದು ಚೂರಾಗುತ್ತದೆ.

ಈಗ ಮಧ್ಯಮ ಉರಿ. ಕೈ ನಿಲ್ಲಿಸಬೇಡಿ, ಪಾತ್ರೆಯ ಮೂಲೆಗೂ ಸೌಟು ಹೋಗಬೇಕು, ತಳ ಹಿಡಿಯುವುದು ಅಲ್ಲೇ. ಐದಾರು ನಿಮಿಷ ಏನೂ ಆಗುತ್ತಿಲ್ಲ ಅನ್ನಿಸುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ದಪ್ಪಗಾಗುತ್ತದೆ. ಮೇಲೆ ದೊಡ್ಡ ಗುಳ್ಳೆಗಳು ಬುಳ್ ಬುಳ್ ಅಂತ ಎದ್ದು ಒಡೆಯತೊಡಗಿದಾಗ ಗಡಿಯಾರ ನೋಡಿ, ಅಲ್ಲಿಂದ ಪೂರ್ತಿ ಒಂದು ನಿಮಿಷ ಕುದಿಸಿ. ತಿರುವುತ್ತಲೇ ಇರಿ.

ಈ ಒಂದು ನಿಮಿಷವನ್ನು ಬಿಡಲೇಬೇಡಿ. ಮೊಟ್ಟೆಯ ಹಳದಿಯಲ್ಲಿ ಅಮೈಲೇಸ್ ಅನ್ನೋ ಕಿಣ್ವ ಇದೆ. ಅದರ ಕೆಲಸವೇ ಪಿಷ್ಟವನ್ನು ಒಡೆಯೋದು. ಪುಡ್ಡಿಂಗ್ ದಪ್ಪಗಾಯ್ತು ಅಂತ ಕುದಿಯುವ ಮುಂಚೆಯೇ ಇಳಿಸಿದರೆ ಆ ಕಿಣ್ವ ಜೀವಂತ ಉಳಿದುಬಿಡುತ್ತದೆ. ರಾತ್ರಿ ಗಟ್ಟಿಯಾಗಿ ಕಂಡ ಪುಡ್ಡಿಂಗ್ ಬೆಳಿಗ್ಗೆ ಸಾರಿನ ಹಾಗೆ ನೀರಾಗಿರುತ್ತದೆ, ಏನು ತಪ್ಪಾಯಿತು ಅಂತ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಚೆನ್ನಾಗಿ ಕುದಿಸಿದರೆ ಕಿಣ್ವ ಸಾಯುತ್ತದೆ, ಪುಡ್ಡಿಂಗ್ ನಿಲ್ಲುತ್ತದೆ. ಹಳದಿ ಹಾಕದೆ ಮಾಡುವವರು ಕಾರ್ನ್‌ಫ್ಲೋರನ್ನು 60 ಗ್ರಾಂಗೆ ಏರಿಸಿ.

ಒಲೆಯಿಂದ ಇಳಿಸಿ, ಚೂರು ಮಾಡಿದ 150 ಗ್ರಾಂ ಕಪ್ಪು ಚಾಕೊಲೇಟ್, 30 ಗ್ರಾಂ ಬೆಣ್ಣೆ, ಎರಡು ಟೀ ಚಮಚ ವೆನಿಲಾ ಹಾಕಿ ಕರಗುವ ತನಕ ಕಲಕಿ. ಎಂಟೂ ಗ್ಲಾಸಿಗೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಸುರಿದು ಫ್ರಿಜ್ಜಿಗೆ ಇಡಿ. ಪಾತ್ರೆಯಲ್ಲಿ ಉಳಿದದ್ದರ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಪುಡ್ಡಿಂಗಿಗೆ ತಾಗುವ ಹಾಗೆ ಹೊದಿಸಿ. ಗಾಳಿ ತಾಗಿದರೆ ಕೆನೆಗಟ್ಟುತ್ತದೆ.

ಮುಕ್ಕಾಲು ಗಂಟೆಯ ಹೊತ್ತಿಗೆ ಗ್ಲಾಸಿನದ್ದು ಮೆತ್ತಗೆ ಕೂತಿರುತ್ತದೆ, ಪಾತ್ರೆಯದ್ದು ಉಗುರುಬೆಚ್ಚಗೆ ಇಳಿದಿರುತ್ತದೆ. ಈಗ ಕೆಂಪು ಗಡ್ಡೆಗಳನ್ನು ಫ್ರೀಜರಿನಿಂದ ತೆಗೆದು, ಪ್ರತಿ ಗ್ಲಾಸಿನ ನಟ್ಟನಡುವೆ ಒಂದು ಇಡಿ. ಗಾಜಿಗೆ ತಾಗಲೇಬಾರದು, ತಾಗಿದರೆ ಹೊರಗಿನಿಂದ ಕೆಂಪು ಕಾಣುತ್ತದೆ, ಗುಟ್ಟು ರಟ್ಟು. ಮೇಲೆ ಉಳಿದ ಪುಡ್ಡಿಂಗನ್ನು ಚಮಚದಿಂದ ಮೆಲ್ಲಗೆ ಹಾಕಿ ಮುಚ್ಚಿ. ಜೋರಾಗಿ ಕಲಕಬೇಡಿ, ಕಾರ್ನ್‌ಫ್ಲೋರ್ ಒಮ್ಮೆ ಕೂತ ಮೇಲೆ ಕಲಕಿದರೆ ತೆಳುವಾಗುತ್ತದೆ. ಗ್ಲಾಸಿನ ಬಾಯಿಯಿಂದ ಎರಡು ಬೆರಳು ಜಾಗ ಬಿಡಿ, ಅದು ಮಣ್ಣಿಗೆ. ರಾತ್ರಿಯಿಡೀ ಫ್ರಿಜ್ಜಿನಲ್ಲಿರಲಿ. ಗಡ್ಡೆ ಅಲ್ಲೇ ಕರಗಿ, ಪುಡ್ಡಿಂಗಿನ ನಡುವೆ ಒಂದು ಕೆಂಪು ಕೊಳವಾಗಿ ನಿಲ್ಲುತ್ತದೆ.

ಸಾಧ್ಯವಾದರೆ ಒಂಬತ್ತನೆಯದನ್ನು ಒಂದು ಸಣ್ಣ ಬಟ್ಟಲಿನಲ್ಲಿ ಮಾಡಿಟ್ಟು, ಬೆಳಿಗ್ಗೆ ಒಡೆದು ನೋಡಿ. ರಸ ಹರಿಯಿತಾ, ಹದ ಸರಿ ಇದೆಯಾ ಅಂತ ಆಗಲೇ ಗೊತ್ತಾಗುತ್ತದೆ.

ಮಣ್ಣು ಹಾಕಿ ಜೋಡಿಸೋದು

250 ಗ್ರಾಂ ಕಪ್ಪು ಕೋಕೋ ಬಿಸ್ಕತ್ತು, ನಡುವೆ ಬಿಳಿ ಕ್ರೀಮ್ ಇರುತ್ತಲ್ಲ, ಅಂಥದ್ದು. ಮೂರರಲ್ಲಿ ಎರಡು ಪಾಲಿನ ಕ್ರೀಮ್ ಕೆರೆದು ತೆಗೆದು, ಕವರಿನಲ್ಲಿ ಹಾಕಿ ಲಟ್ಟಣಿಗೆಯಿಂದ ನುಣ್ಣಗೆ ಪುಡಿ ಮಾಡಿ. ಉಳಿದ ಒಂದು ಪಾಲನ್ನು ಕ್ರೀಮಿನ ಸಮೇತ ಕೈಯಲ್ಲೇ ಒರಟಾಗಿ ಪುಡಿ ಮಾಡಿ. ಕ್ರೀಮ್ ಇರುವುದು ಅಂಟಿಕೊಂಡು ಹೆಂಟೆಯಾಗುತ್ತದೆ, ಇಲ್ಲದ್ದು ಧೂಳಾಗುತ್ತದೆ. ಎರಡನ್ನೂ ಬೆರೆಸಿದಾಗ ಆಗ ತಾನೇ ಅಗೆದ ಒದ್ದೆ ಮಣ್ಣಿನ ಹಾಗೆ ಕಾಣುತ್ತದೆ. ಒಂದು ಚಿಟಿಕೆ ಉಪ್ಪು ಬೆರೆಸಿದರೆ ರುಚಿ ಎದ್ದು ನಿಲ್ಲುತ್ತದೆ.

ಮಣ್ಣನ್ನು ಸಮತಟ್ಟಾಗಿ ಹರಡಬೇಡಿ. ಗ್ಲಾಸಿನ ಹಿಂಬದಿಯಲ್ಲಿ ಕಲ್ಲು ನೆಡಿ, ಕೆಳಗಿನ 3 ಸೆಂ.ಮೀ. ಒಳಗೆ ಹೋಗಲಿ, ಸ್ವಲ್ಪ ಹಿಂದಕ್ಕೆ ವಾಲಿರಲಿ. ಕಲ್ಲನ್ನು ಅಂಚಿಗೇ ನೆಡಿ, ನಡುವೆ ನೆಟ್ಟರೆ ಕೆಂಪು ಕೊಳ ಈಗಲೇ ಒಡೆಯುತ್ತದೆ. ಕಲ್ಲಿನ ಮುಂದೆ ಮಣ್ಣನ್ನು ಉದ್ದಕ್ಕೆ ದಿಬ್ಬ ಮಾಡಿ. ದಿಬ್ಬದ ಒಂದು ಬದಿಯಿಂದ ಮೂಳೆಯ ತುದಿ ಒಂದೇ ಒಂದು ಸೆಂ.ಮೀ. ಹೊರಗೆ ಕಾಣಲಿ. ಪೂರ್ತಿ ಮೂಳೆ ಮೇಲಿಟ್ಟರೆ ಅದು ಅಲಂಕಾರ. ತುದಿ ಮಾತ್ರ ಕಂಡರೆ ಉಳಿದದ್ದು ಒಳಗಿದೆ ಅಂತ ಮನಸ್ಸು ತಾನೇ ಊಹಿಸಿಕೊಳ್ಳುತ್ತದೆ.

ದೆವ್ವವನ್ನು ಕೊಟ್ಟಕೊನೆಗೆ, ತಂದಿಡುವ ಹತ್ತು ನಿಮಿಷ ಮುಂಚೆ ಇಡಿ. ಎಂಟು ಗ್ಲಾಸಿಗೂ ಇಡಬೇಕಿಲ್ಲ. ಐದಕ್ಕೆ ಇಟ್ಟು ಮೂರನ್ನು ಖಾಲಿ ಬಿಡಿ. ಆ ಮೂರು ದೆವ್ವಗಳು ಎಲ್ಲಿ ಹೋದವು ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅವನ್ನು ಮೇಜಿನ ಇನ್ನೆಲ್ಲೋ, ನೀರಿನ ಜಗ್ಗಿನ ಹಿಂದೆಯೋ ಕಿಟಕಿಯ ಅಂಚಿನಲ್ಲೋ ಇಟ್ಟಿರಿ. ಫ್ರಿಜ್ಜಿನಲ್ಲಿಟ್ಟಿದ್ದ ಉಳಿದ ರಸವನ್ನು ಒಂದೆರಡು ಕಲ್ಲಿನ ಅಂಚಿಗೆ ಒಂದೊಂದು ಹನಿ ಬಿಡಿ. ಒಂದೇ ಹನಿ. ಎಲ್ಲದರ ಮೇಲೂ ಸುರಿದರೆ ಒಳಗಿನದ್ದಕ್ಕೆ ಬೆಲೆ ಇರಲ್ಲ.

ಕೆಲವು ಎಚ್ಚರಿಕೆ

ನಿಜವಾಗಿಯೂ ಯಾರಿಗೂ ಏನೂ ಆಗಬಾರದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೊಗೆ ಬರಲಿ ಅಂತ ಡ್ರೈ ಐಸ್ ತರುವವರಿದ್ದಾರೆ. ಅದು ಘನ ರೂಪದ ಕಾರ್ಬನ್ ಡೈಆಕ್ಸೈಡ್, ಮೈನಸ್ 78.5 ಡಿಗ್ರಿ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಟ್ಟ ಹಾಗಾಗುತ್ತದೆ, ನುಂಗಿದರೆ ಒಳಗೆಲ್ಲಾ ಗಾಯ. ತಿನ್ನುವ ಗ್ಲಾಸಿಗೆ, ಕುಡಿಯುವ ಪಾನೀಯಕ್ಕೆ ಹಾಕಲೇಬೇಡಿ. ಬೇಕೇ ಬೇಕು ಅಂದರೆ ದಪ್ಪ ಕೈಗವಸು ಹಾಕಿಕೊಂಡು, ಬೇರೆ ಅಗಲದ ಪಾತ್ರೆಯಲ್ಲಿ ಬಿಸಿ ನೀರಿನ ಜೊತೆ, ಮಕ್ಕಳ ಕೈಗೆ ಸಿಗದಷ್ಟು ದೂರ ಇಡಿ, ಕಿಟಕಿ ತೆರೆದಿರಲಿ. ಮುಚ್ಚಳ ಹಾಕಿದ ಡಬ್ಬಿಯಲ್ಲಿ ತುಂಬಿದರೆ ಅದು ಸಿಡಿಯುತ್ತದೆ.

ಕಪ್ಪು ಬಣ್ಣಕ್ಕೆ ಅಂತ ಇದ್ದಿಲ ಪುಡಿ ಹಾಕುವುದೂ ಬೇಡ. ತಿನ್ನಲು ಬರುವ ಆಕ್ಟಿವೇಟೆಡ್ ಚಾರ್ಕೋಲ್ ಹೊಟ್ಟೆಯಲ್ಲಿ ಔಷಧಿಯನ್ನೂ ಹೀರಿಕೊಂಡುಬಿಡುತ್ತದೆ. ಯಾರು ಯಾವ ಮಾತ್ರೆ ತಗೊಂಡು ಬಂದಿದ್ದಾರೋ ನಮಗೆ ಗೊತ್ತಿರಲ್ಲ. ಕೋಕೋದ ಕಪ್ಪೇ ಸಾಕು.

ಕಣ್ಣುಗುಡ್ಡೆ ಅಂತ ಇಡೀ ದ್ರಾಕ್ಷಿ, ಗುಂಡನೆಯ ಮಿಠಾಯಿ ಇಡುವ ಆಸೆಯಾಗುತ್ತದೆ. ಐದು ವರ್ಷದೊಳಗಿನ ಮಕ್ಕಳಿದ್ದರೆ ಮಿಠಾಯಿ ಬಿಡಿ, ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಗಂಟಲಲ್ಲಿ ಸಿಕ್ಕಿಕೊಳ್ಳಲು ಅದೇ ಸರಿಯಾದ ಅಳತೆ. ಮಂದ ಬೆಳಕಿನಲ್ಲಿ ತಿನ್ನುವ ಸಿಹಿಯೊಳಗೆ ಟೂತ್‌ಪಿಕ್ ಕೂಡ ಇರಬಾರದು.

ಇದರಲ್ಲಿ ಹಾಲು, ಮೊಟ್ಟೆ, ಗೋಧಿ, ಎಳ್ಳು ಇದೆ, ಚಾಕೊಲೇಟಿನಲ್ಲಿ ಸಾಮಾನ್ಯವಾಗಿ ಸೋಯಾ ಇರುತ್ತದೆ. ಒಂದು ಚೀಟಿಯಲ್ಲಿ ಬರೆದು ಟ್ರೇಯ ಪಕ್ಕ ಇಡಿ. ಫ್ರಿಜ್ಜಿನಿಂದ ತೆಗೆದ ಮೇಲೆ ಎರಡು ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ.

ತಂದಿಡುವ ಹೊತ್ತು

ದೊಡ್ಡ ದೀಪ ಆರಿಸಿ, ಟ್ರೇಯ ಎರಡು ಬದಿಗೆ ಒಂದೊಂದು ಸಣ್ಣ ದೀಪ ಇಡಿ. ಬೆಳಕು ಮೇಲಿನಿಂದ ಬೀಳದೆ ಬದಿಯಿಂದ ಬಿದ್ದರೆ ಕಲ್ಲುಗಳ ನೆರಳು ಮಣ್ಣಿನ ಮೇಲೆ ಉದ್ದಕ್ಕೆ ಚಾಚುತ್ತದೆ, ಕೆತ್ತಿದ ಇಸವಿ ಆಗಲೇ ಚೆನ್ನಾಗಿ ಕಾಣೋದು. ಕುಂಬಳಕಾಯಿ ದೀಪ ಇದ್ದರೆ ಇನ್ನೂ ಒಳ್ಳೆಯದು. ಐರ್ಲೆಂಡಿನಲ್ಲಿ ಮೊದಲು ಟರ್ನಿಪ್ ಗಡ್ಡೆಯನ್ನು ಕೊರೆದು ದೀಪ ಮಾಡುತ್ತಿದ್ದರು, ಅಲ್ಲಿಂದ ಅಮೆರಿಕಕ್ಕೆ ಹೋದವರಿಗೆ ಕುಂಬಳಕಾಯಿ ಸಿಕ್ಕಿತು, ಕೊರೆಯೋಕೆ ಅದು ಸುಲಭವಾಯ್ತು.

ಒಳಗೆ ಕೆಂಪು ಇದೆ ಅಂತ ಯಾರಿಗೂ ಹೇಳಬೇಡಿ. ಸುಮ್ನೆ ಉದ್ದನೆಯ ಚಮಚ ಕೊಟ್ಟು, ತಳದವರೆಗೂ ಹಾಕಿ ತಿನ್ನಿ, ಮೇಲಿನದ್ದೂ ಕೆಳಗಿನದ್ದೂ ಒಟ್ಟಿಗೆ ಸಿಗಬೇಕು ಅಂತಷ್ಟೇ ಹೇಳಿ. ಮೊದಲ ಚಮಚ ದಿಬ್ಬವನ್ನು ಒಡೆಯುತ್ತದೆ. ಪುಡ್ಡಿಂಗ್ ಎರಡಾಗಿ ಸೀಳುತ್ತದೆ. ಆಮೇಲೆ ಒಂದು ಉಸಿರಿನಷ್ಟು ಹೊತ್ತು ಏನೂ ಆಗುವುದಿಲ್ಲ. ಆ ಸೀಳಿನ ತಳದಿಂದ ಗಾಢ ಕೆಂಪು ನಿಧಾನಕ್ಕೆ ಏರಿ ಬಂದು ಕಪ್ಪು ಮಣ್ಣಿಗೆ ಇಳಿಯುವಾಗ ನೀವು ಗ್ಲಾಸನ್ನು ನೋಡಬೇಡಿ, ಚಮಚ ಹಿಡಿದವರ ಮುಖ ನೋಡಿ.